ಆಕಾಶಕ್ಕೆ ಏಣಿ

ಆಗದ ಕೆಲಸಕ್ಕೆ ಕೈಹಾಕಿದವನನ್ನು ಕಂಡರೆ ‘ಆಕಾಶಕ್ಕೆ ಏಣಿ ಹಾಕಲು ಹೊರಟಿದ್ದಾನೆ’ ಎಂದು ನಗುವುದು ನಮ್ಮಲ್ಲಿ ವಾಡಿಕೆ. ಪುರಾಣವೂ ಅದನ್ನೇ ಹೇಳುವಂತೆ ತೋರುತ್ತದೆ. ದೇಹಸಹಿತ ಸ್ವರ್ಗಕ್ಕೆ ಹೋಗುವೆನೆಂದು ಹಟ ಹಿಡಿದ ತ್ರಿಶಂಕು ಅತ್ತ ಸ್ವರ್ಗವೂ ಇಲ್ಲದೆ, ಇತ್ತ ಭೂಮಿಯೂ ಇಲ್ಲದೆ ನಡುವೆ ತಲೆಕೆಳಗಾಗಿ ತೂಗಿದ. ಗಡಿನಾಡ ಕನ್ನಡಿಗರ ಪಾಡನ್ನು ವರ್ಣಿಸುವಾಗ ಭಾಷಣಕಾರರು ಈ ತ್ರಿಶಂಕುವನ್ನು ಕರೆತರದೆ ಬಿಡುವುದಿಲ್ಲ. ಆದರೆ ಆ ಕಥೆಯ ಇನ್ನರ್ಧವನ್ನು ನಾವು ಮರೆಯುತ್ತೇವೆ. ದೇವತೆಗಳು ಬಾಗಿಲು ಮುಚ್ಚಿದಾಗ ವಿಶ್ವಾಮಿತ್ರ ಸುಮ್ಮನೆ ಕುಳಿತನೇ? ಹೊಸ ನಕ್ಷತ್ರಗಳನ್ನೇ ಸೃಷ್ಟಿಸತೊಡಗಿದ. ನಮ್ಮ ವಿಶ್ರಾಮಬಾಗದ ವಿಲಿಂಗ್ಡನ್ ಕಾಲೇಜಿನಲ್ಲಿ ಹಿಂದೊಮ್ಮೆ ಪ್ರಾಚಾರ್ಯರಾಗಿದ್ದ ವಿ. ಕೃ. ಗೋಕಾಕರು ಈ ವಿಶ್ವಾಮಿತ್ರನನ್ನೇ ನಾಯಕನನ್ನಾಗಿ ಮಾಡಿಕೊಂಡು ‘ಭಾರತ ಸಿಂಧು ರಶ್ಮಿ’ ಎಂಬ ಮಹಾಕಾವ್ಯವನ್ನು ಬರೆದರು.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. 2025ರ ಜೂನ್-ಜುಲೈ ತಿಂಗಳುಗಳಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದರು. ಅಂದಿನಿಂದ ಮಕ್ಕಳ ಚಿತ್ರಕಲಾ ವಹಿಗಳಲ್ಲಿ ರಾಕೆಟ್ಟುಗಳದೇ ಮೆರವಣಿಗೆ. ಪಾಲಕರಿಗೂ ಸಂತೋಷವೇ. ಆದರೆ ಹೊಸ ವರ್ಷದ ಪ್ರವೇಶದ ಹೊತ್ತಿಗೆ ಅದೇ ಪಾಲಕರಲ್ಲಿ ಕೆಲವರು ಶಾಲೆ ಬಿಟ್ಟ ದಾಖಲೆ ಕೇಳಿಕೊಂಡು ಬರುತ್ತಾರೆ. “ಗುರುಗಳೇ, ಹುಡುಗ ಶ್ಯಾಣ್ಯಾ ಇದ್ದಾನ. ಕನ್ನಡ ಸಾಲ್ಯಾಗ ಕಲಿತು ಎಲ್ಲಿ ಮುಟ್ಟತಾನ್ರೀ?” ಎನ್ನುತ್ತಾರೆ. ಆಕಾಶವು ಇಂಗ್ಲಿಷರ ಆಸ್ತಿ, ಅಲ್ಲಿಗೆ ಹೋಗುವ ಏಣಿಯನ್ನು ಇಂಗ್ಲಿಷ್ ಮಾಧ್ಯಮದ ಗೋಡೆಗೆ ಮಾತ್ರ ಆನಿಸಿದ್ದಾರೆ ಎಂಬ ನಂಬಿಕೆ ಊರಲ್ಲೆಲ್ಲ ಹಬ್ಬಿದೆ. ಈ ನಂಬಿಕೆ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಅಂತರಿಕ್ಷದ ಕನಸೆಂದರೆ ಎಲ್ಲರ ಕಣ್ಣು ಹೋಗುವುದು ಅಮೇರಿಕೆಯ ಕಡೆಗೆ. ಅಲ್ಲಿಯೇ ನೋಡೋಣ. ಆ ದೇಶಕ್ಕೆ ಈ ಕನಸು ಎಲ್ಲಿಂದ ಬಂತು? ದುಡ್ಡಿನಿಂದ ಎನ್ನುವವರುಂಟು. ದುಡ್ಡು ಬಂದದ್ದು ಬಹಳ ತಡವಾಗಿ. 1865ರಲ್ಲಿ ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಒಂದು ಕಾದಂಬರಿ ಬರೆದ. ಅದರಲ್ಲಿ ಅಮೇರಿಕೆಯ ತೋಪುಗಾರರ ಸಂಘವೊಂದು ಫ್ಲೋರಿಡಾದಿಂದ ಚಂದ್ರನತ್ತ ಮನುಷ್ಯರನ್ನು ಹಾರಿಸುತ್ತದೆ. ನೂರು ವರ್ಷ ಕಳೆದ ಮೇಲೆ ನಿಜವಾದ ರಾಕೆಟ್ಟುಗಳು ಹಾರಿದ್ದೂ ಅದೇ ಫ್ಲೋರಿಡಾದಿಂದ! ಇಂಥ ಕಥೆಗಳನ್ನು ಓದಿ ಬೆಳೆದ ರಾಬರ್ಟ್ ಗೊಡಾರ್ಡ್ ಎಂಬ 17 ವರ್ಷದ ಹುಡುಗ 1899ರ ಅಕ್ಟೋಬರ್ 19ರಂದು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಒಣಟೊಂಗೆ ಕಡಿಯಲೆಂದು ಹಿತ್ತಲಿನ ಚೆರ್ರಿ ಮರ ಹತ್ತಿದ. ಮರದ ಮೇಲೆ ಕುಳಿತಾಗ ಮಂಗಳ ಗ್ರಹಕ್ಕೆ ಹೋಗುವ ಯಂತ್ರವನ್ನು ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಮರದಿಂದ ಇಳಿದಾಗ ತಾನು ಬೇರೆಯೇ ಹುಡುಗನಾಗಿದ್ದೆನೆಂದು ಅವನು ಮುಂದೆ ಬರೆದುಕೊಂಡ. ಆ ದಿನವನ್ನು ಜೀವನಪರ್ಯಂತ ಹಬ್ಬದಂತೆ ನೆನೆದ.

ಅವನಿಗೆ ಸಿಕ್ಕಿದ್ದು ಹಾರತುರಾಯಿಯಲ್ಲ. 1920ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ, ಗಾಳಿಯಿಲ್ಲದ ಕಡೆ ರಾಕೆಟ್ಟು ಹಾರದೆಂಬುದೂ ಈ ಪ್ರೊಫೆಸರನಿಗೆ ತಿಳಿಯದು, ಹೈಸ್ಕೂಲಿನ ಮಕ್ಕಳಿಗೆ ಗೊತ್ತಿರುವಷ್ಟು ವಿಜ್ಞಾನವೂ ಇವನಿಗಿಲ್ಲ ಎಂಬರ್ಥದಲ್ಲಿ ಸಂಪಾದಕೀಯ ಬರೆದು ಹಾಸ್ಯಮಾಡಿತು. ನ್ಯೂಟನ್ನನ ಮೂರನೆಯ ನಿಯಮವನ್ನು ಕಲಿತ ನಮ್ಮ ಹತ್ತನೆಯ ಇಯತ್ತೆಯ ಮಕ್ಕಳು ಇದರಲ್ಲಿ ತಪ್ಪು ಯಾರದೆಂದು ತಾವೇ ಹೇಳಬಲ್ಲರು. 1926ರ ಮಾರ್ಚ್ 16ರಂದು ಬಂಧುವೊಬ್ಬಳ ತೋಟದಲ್ಲಿ ಗೊಡಾರ್ಡ್ ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದ. ಅದು ಎರಡೂವರೆ ಸೆಕೆಂಡು ಹಾರಿತು, 41 ಅಡಿ ಏರಿತು, ಕ್ಯಾಬೇಜಿನ ಹೊಲದಲ್ಲಿ ಬಿತ್ತು. ಅಷ್ಟೇ. ಅಪೊಲೊ-11 ಚಂದ್ರನತ್ತ ಹೊರಟ ಮರುದಿನ, ಎಂದರೆ 1969ರ ಜುಲೈ 17ರಂದು, ಅದೇ ಪತ್ರಿಕೆ ತನ್ನ 49 ವರ್ಷದ ಹಿಂದಿನ ಮಾತನ್ನು ತಿದ್ದಿಕೊಂಡಿತು. ಆಗ ಗೊಡಾರ್ಡ್ ತೀರಿಕೊಂಡು 24 ವರ್ಷಗಳಾಗಿದ್ದವು.

ಇದೇ ಬಗೆಯ ಇನ್ನೊಂದು ಸಂಗತಿ ಹೈಸ್ಕೂಲಿಗೇ ಸಂಬಂಧಪಟ್ಟದ್ದು. 1957ರ ಅಕ್ಟೋಬರ್ 4ರಂದು ರಶಿಯನ್ನರು ಸ್ಪುಟ್ನಿಕ್ ಹಾರಿಸಿದಾಗ ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ ಹೋಮರ್ ಹಿಕಮ್ ಎಂಬ ಶಾಲಾ ಹುಡುಗನಿದ್ದ. ತಂದೆ ಗಣಿಯ ಮೇಲ್ವಿಚಾರಕ. ಮಗನೂ ಗಣಿಗೇ ಬರಲಿ ಎಂಬುದು ಅವರ ಎಣಿಕೆ. ಹುಡುಗ ಗೆಳೆಯರನ್ನು ಕೂಡಿಸಿಕೊಂಡು ರಾಕೆಟ್ಟು ಮಾಡಹೊರಟ. ಮೊದಲನೆಯದು ತಾಯಿಯ ಹೂದೋಟದ ಬೇಲಿಯನ್ನು ಹಾರಿಸಿಬಿಟ್ಟಿತು. ಆದರೂ ಗಣಿಯ ಕೆಲಸಗಾರರು ಲೋಹ ಕೊರೆದು ಕೊಟ್ಟರು; ಫ್ರೀಡಾ ರೈಲಿ ಎಂಬ ಶಿಕ್ಷಕಿ ಪುಸ್ತಕ ತಂದುಕೊಟ್ಟು ಬೆನ್ನಿಗೆ ನಿಂತರು. 1960ರಲ್ಲಿ ಆ ಹುಡುಗರು ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಪದಕ ಗೆದ್ದರು. ಹಿಕಮ್ ಮುಂದೆ ‘ನಾಸಾ’ದಲ್ಲಿ ಇಂಜಿನಿಯರನಾದ. ಅವನು ಬರೆದ ಆತ್ಮಕಥೆ 1999ರಲ್ಲಿ ‘ಅಕ್ಟೋಬರ್ ಸ್ಕೈ’ ಎಂಬ ಚಲನಚಿತ್ರವಾಯಿತು. ಆ ಮಕ್ಕಳು ಕನಸು ಕಂಡದ್ದು ಪರಭಾಷೆಯಲ್ಲಲ್ಲ ಎಂಬುದನ್ನು ಗಮನಿಸಬೇಕು. ಅಡಿಗೆಮನೆಯಲ್ಲಿ ಅವ್ವನೊಡನೆ ಆಡುವ ಮಾತಿನಲ್ಲೇ ಅವರು ರಾಕೆಟ್ಟಿನ ಬಗ್ಗೆ ಓದಿದರು, ಜಗಳವಾಡಿದರು, ತಪ್ಪಿದರು. ಅಮೇರಿಕೆಯಿಂದ ನಾವು ಕಲಿಯುವುದಿದ್ದರೆ ಇದನ್ನು ಕಲಿಯಬೇಕು. ಅವರ ಭಾಷೆಯನ್ನು ತಂದರೆ ಅವರ ಕನಸೂ ಹಿಂದೆಯೇ ಬರುವುದೆಂದು ತಿಳಿಯುವುದು, ಹೂವಿನ ಬದಲು ಹೂಬುಟ್ಟಿಯನ್ನು ಕೊಂಡಂತೆ.

ಹಾಗೆಂದು ಆ ಕನಸನ್ನು ಕಣ್ಣುಮುಚ್ಚಿ ಹೊಗಳಲು ನಾವು ಸಿದ್ಧರಿಲ್ಲ. ರಶಿಯದೊಡನೆ ಹೂಡಿದ ಪಂದ್ಯ ಅದರ ದೊಡ್ಡ ಪಾಲು. 1966ರ ಸುಮಾರಿಗೆ ಅಮೇರಿಕೆಯ ಸರಕಾರ ತನ್ನ ವೆಚ್ಚದ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಹಣವನ್ನು ‘ನಾಸಾ’ಕ್ಕೆ ಕೊಡುತ್ತಿತ್ತು. ಅಲ್ಲಿಯ ಜನರೆಲ್ಲ ಅದನ್ನು ಒಪ್ಪಿದ್ದರೆಂದೂ ಅಲ್ಲ. ಅಪೊಲೊ-11ರ ಉಡ್ಡಾಣದ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗರ ಸಂಗಾತಿಯಾಗಿದ್ದ ರಾಲ್ಫ್ ಅಬರ್ನಥಿಯವರು ಬಡ ಕುಟುಂಬಗಳನ್ನು ಕರೆದುಕೊಂಡು, ಹೇಸರಗತ್ತೆಗಳ ಬಂಡಿಯೊಡನೆ ಉಡ್ಡಾಣ ಕೇಂದ್ರದ ಬಾಗಿಲಿಗೆ ಬಂದರು. ದೇಶದಲ್ಲಿ ಹಸಿದವರಿರುವಾಗ ಚಂದ್ರಲೋಕವೇಕೆ ಎಂಬುದು ಅವರ ಪ್ರಶ್ನೆ. ‘ನಾಸಾ’ದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರ ಮಾತು ಕೇಳಿದರು. ಉಡ್ಡಾಣದ ಗುಂಡಿ ಒತ್ತದೆ ಇರುವುದರಿಂದ ಬಡತನ ನೀಗುವಂತಿದ್ದರೆ ನಾವು ಒತ್ತುತ್ತಿರಲಿಲ್ಲ ಎಂಬುದು ಅವರ ಉತ್ತರದ ಸಾರ. ಕೊನೆಗೆ ಅಬರ್ನಥಿಯವರು ಗಗನಯಾತ್ರಿಗಳ ಕ್ಷೇಮಕ್ಕಾಗಿ ಪ್ರಾರ್ಥಿಸಿದರು. ನಮಗೆ ಇಬ್ಬರಲ್ಲಿಯೂ ಗೌರವವೇ. ಆದರೆ ಆ ಪ್ರಶ್ನೆಗೆ ಒಳ್ಳೆಯ ಉತ್ತರ ಬಂದದ್ದು ಫ್ಲೋರಿಡಾದಲ್ಲಲ್ಲ, ನಮ್ಮ ಜತ್ತ ತಾಲೂಕಿನ ಮಗ್ಗುಲಲ್ಲಿ.

ಅತಿಶಯೋಕ್ತಿಯಲ್ಲ. ಚಂದ್ರನಿಗೆ ಹೋಗುವ ಪೈಪೋಟಿ ನಮಗೆ ಬೇಡ, ಉಪಗ್ರಹದಿಂದ ಬಡವನ ಬಾಳಿಗೆ ಏನು ಪ್ರಯೋಜನವೆಂಬುದನ್ನು ನೋಡೋಣ ಎಂಬುದು ವಿಕ್ರಮ ಸಾರಾಭಾಯಿಯವರ ವಿಚಾರವಾಗಿತ್ತು. ಅವರು 1971ರಲ್ಲಿ ತೀರಿಕೊಂಡರು. ಅವರ ಯೋಜನೆಯಂತೆ 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೇರಿಕೆಯ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಬಿತ್ತರಿಸಲಾಯಿತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ರಾಯಚೂರು, ಗುಲ್ಬರ್ಗಾ ಮತ್ತು ನಮ್ಮ ನೆರೆಯ ವಿಜಾಪುರ. ಕೋಳಿಗೂಡಿಗೆ ಹೊದಿಸುವ ತಂತಿಯ ಜಾಳಿಗೆಯಿಂದ ಹತ್ತಡಿ ಅಗಲದ ಬೋಗುಣಿಯಂಥ ಆಂಟೆನಾ ಮಾಡಿ ನಿಲ್ಲಿಸಿದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಅಂತರಿಕ್ಷದಿಂದ ಇಳಿದುಬಂದ ಆ ಪಾಠ ಯಾವ ಭಾಷೆಯಲ್ಲಿತ್ತು? ಕನ್ನಡದಲ್ಲಿ! 36,000 ಕಿಲೋಮೀಟರು ಎತ್ತರದ ಅಮೇರಿಕನ್ ಉಪಗ್ರಹಕ್ಕೆ ವಿಜಾಪುರದ ಕನ್ನಡ ಶಾಲೆ ಕೀಳಾಗಿ ಕಾಣಲಿಲ್ಲ. ಕೀಳಾಗಿ ಕಾಣುವುದು ನಮಗೇ.

ವರ್ಷ ಮುಗಿದ ಮೇಲೆ ಅಮೇರಿಕನ್ನರು ತಮ್ಮ ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಎರವಲು ಎರವಲೇ. ಆದರೆ ಅಷ್ಟರಲ್ಲಿ ನಮ್ಮವರೂ ಸುಮ್ಮನಿರಲಿಲ್ಲ. ಉಡುಪಿಯ ಬಳಿಯ ಅದಮಾರು ಎಂಬ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ವಸಾಹತಿನ ಶೆಡ್ಡುಗಳಲ್ಲಿ, 360 ಕಿಲೋ ತೂಕದ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ರಶಿಯದ ನೆಲದಿಂದ ಅದು ಮೇಲೇರಿತು. ಜಾಗ ಸಾಲದೆ ಅಲ್ಲಿಯ ಒಂದು ಶೌಚಾಲಯವನ್ನೇ ಉಪಗ್ರಹದ ಸಂದೇಶ ಹಿಡಿಯುವ ಕೋಣೆಯನ್ನಾಗಿ ಮಾಡಿಕೊಂಡರಂತೆ. ವಿದ್ಯುತ್ತಿನ ದೋಷದಿಂದ ಆರ್ಯಭಟದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಅದಕ್ಕಾಗಿ ಯಾರೂ ಅಂಗಡಿ ಮುಚ್ಚಲಿಲ್ಲ. ಇನ್ಸಾಟ್-1ಬಿ ಎಂಬ ನಮ್ಮ ಸಂಪರ್ಕ ಉಪಗ್ರಹವನ್ನು 1983ರಲ್ಲಿ ಹೊತ್ತೊಯ್ದದ್ದು ಅಮೇರಿಕೆಯ ‘ಚಾಲೆಂಜರ್’ ನೌಕೆ. ಅದನ್ನು ಮೇಲಿನ ಕಕ್ಷೆಯಲ್ಲಿ ನೋಡಿಕೊಂಡದ್ದು ನಮ್ಮ ಹಾಸನದ ಕೇಂದ್ರ.

ಆ ಚಾಲೆಂಜರಿನ ಕೊನೆಯನ್ನು ಶಿಕ್ಷಕರಾದ ನಾವು ಹೇಳದೆ ಮುಂದೆ ಹೋಗಲಾರೆವು. 1986ರ ಜನವರಿ 28ರಂದು ಹೊರಟ 73 ಸೆಕೆಂಡುಗಳಲ್ಲಿ ಅದು ಒಡೆದು ಚೂರಾಯಿತು. ಸತ್ತ ಏಳು ಜನರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಹೈಸ್ಕೂಲು ಶಿಕ್ಷಕಿಯೂ ಒಬ್ಬರು. ಅಂತರಿಕ್ಷದಿಂದ ಮಕ್ಕಳಿಗೆ ಪಾಠ ಹೇಳಬೇಕೆಂದು 11,000ಕ್ಕೂ ಹೆಚ್ಚು ಶಿಕ್ಷಕರಲ್ಲಿ ಅವರನ್ನು ಆರಿಸಿದ್ದರು. ಸಾವಿರಾರು ಮಕ್ಕಳು ತಮ್ಮ ತರಗತಿಯಲ್ಲಿ ಕುಳಿತು ಅದನ್ನು ಕಣ್ಣಾರೆ ಕಂಡರು. ಅವರ ಬದಲಿಯಾಗಿ ಆಯ್ಕೆಯಾಗಿದ್ದ ಬಾರ್ಬರಾ ಮಾರ್ಗನ್ ಎಂಬ ಶಿಕ್ಷಕಿ ಮರಳಿ ಶಾಲೆಗೆ ಹೋದರು, ಕಾದರು, 2007ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದರು. 21 ವರ್ಷ!

ಈಗ ಪಾಲಕರ ಪ್ರಶ್ನೆಗೆ ಬರೋಣ. ಇಂಗ್ಲಿಷ್ ಬೇಡವೆಂದು ನಾವೆಂದೂ ಹೇಳಿಲ್ಲ. ವಿಜ್ಞಾನದ ಮೇಲುಮಟ್ಟದ ಗ್ರಂಥಗಳು ಆ ಭಾಷೆಯಲ್ಲಿವೆ. ಅದನ್ನು ಚೆನ್ನಾಗಿ ಕಲಿಸಬೇಕು, ಕಲಿಯಬೇಕು. ನಾವೇ ಕನ್ನಡ, ಮರಾಠಿ ಎರಡರಲ್ಲಿಯೂ ಶಾಲೆ ಕಲಿತವರು. ಒಂದು ಭಾಷೆ ಇನ್ನೊಂದರ ಅನ್ನ ಕಸಿಯುವುದಿಲ್ಲವೆಂಬುದನ್ನು ಬಲ್ಲೆವು. ಚಂದ್ರಯಾನ-2ರ ಕಾಲದಲ್ಲಿ ಇಸ್ರೋದ ಅಧ್ಯಕ್ಷರಾಗಿದ್ದ ಕೆ. ಶಿವನ್ ಅವರು ಒಕ್ಕಲಿಗನ ಮಗ, ಹಳ್ಳಿಯ ಸರಕಾರಿ ಶಾಲೆಯಲ್ಲಿ ತಮಿಳು ಮಾಧ್ಯಮದಲ್ಲಿ ಕಲಿತವರು. ಇಲ್ಲಿಂದ ಕೂಗಳತೆಯಲ್ಲಿರುವ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದ ಖಗೋಲವಿಜ್ಞಾನಿ ಜಯಂತ ನಾರಳೀಕರರು ಕೇಂಬ್ರಿಜ್‌ನಲ್ಲಿ ಹೆಸರು ಮಾಡಿ ಬಂದು ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದರು. ಮರಾಠಿ ಮಕ್ಕಳು ಅವನ್ನು ಓದಿ ಬೆಳೆದರು. ನಮ್ಮಲ್ಲಿ ಬರಹವಿಲ್ಲವೇ? 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಗಳನ್ನು ಬರೆದರು. ಪುಸ್ತಕಗಳಿವೆ, ತೆರೆಯುವ ಕೈಗಳು ಕಡಿಮೆ. ನಮ್ಮ ಮಕ್ಕಳಿಗಂತೂ ಕಾರಂತರೂ ನಾರಳೀಕರರೂ ಇಬ್ಬರೂ ದಕ್ಕುತ್ತಾರೆ. ಈ ಸೌಭಾಗ್ಯ ಬೆಂಗಳೂರಿನ ಮಕ್ಕಳಿಗೂ ಇಲ್ಲ, ಪುಣೆಯ ಮಕ್ಕಳಿಗೂ ಇಲ್ಲ. ಇದನ್ನು ತ್ರಿಶಂಕು ಸ್ಥಿತಿ ಎನ್ನುವವರ ಲೆಕ್ಕ ನಮಗೆ ತಿಳಿಯದು.

ಪಾಲಕರಲ್ಲಿ ನಾವು ಬೇಡುವುದು ಹೆಚ್ಚಿನದೇನಲ್ಲ. ಮಗ ಹಳೆಯ ರೇಡಿಯೋ ಬಿಚ್ಚಿ ಕುಳಿತರೆ, ಮಗಳು ಮಾಳಿಗೆಯ ಮೇಲೆ ತಡರಾತ್ರಿಯವರೆಗೆ ಆಕಾಶ ನೋಡುತ್ತ ಕುಳಿತರೆ, ಬೈಯುವ ಮೊದಲು ಏನು ಮಾಡುತ್ತಿದ್ದೀ ಎಂದು ಒಮ್ಮೆ ಕೇಳಿರಿ. ಅವರು ಹೇಳುವುದು ಕನ್ನಡದಲ್ಲಿ, ನಿಮಗೆ ತಿಳಿಯುತ್ತದೆ. ಮನೆಯಲ್ಲಿ ಯಾರಿಗೂ ಬಾರದ ಭಾಷೆಯಲ್ಲಿ ಮಗು ಪಾಠ ಒಪ್ಪಿಸತೊಡಗಿದರೆ, ನೀವು ಕೇಳುವುದೂ ನಿಲ್ಲುತ್ತದೆ, ಅದು ಹೇಳುವುದೂ ನಿಲ್ಲುತ್ತದೆ.

ಈ ಸಲದ ಬೇಸಿಗೆ ರಜೆಗೆ ಒಂದು ಕೆಲಸ ಕೊಡುತ್ತೇವೆ. ಮೇ ತಿಂಗಳ ನಡುವೆ, ಮೋಡವಿಲ್ಲದ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ಊರ ದೀಪಗಳಿಂದ ದೂರ ಹೋಗಿ ತೆಂಕಣ ದಿಕ್ಕಿಗೆ ಮುಖಮಾಡಿ ನಿಲ್ಲಿರಿ. ಮರಗಿಡಗಳು ಅಡ್ಡವಿರಬಾರದು. ತೋಳು ನೀಡಿ ಮುಷ್ಟಿ ಹಿಡಿದರೆ, ದಿಗಂತದಿಂದ ಒಂದೂವರೆ ಮುಷ್ಟಿಯಷ್ಟು ಮೇಲೆ, ಸಣ್ಣ ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರಗಳು ಕಾಣುತ್ತವೆ. ನಮ್ಮ ಹಿರಿಯರು ಅದಕ್ಕಿಟ್ಟ ಹೆಸರೇ ತ್ರಿಶಂಕು. ಗೊಡಾರ್ಡ್ ಹತ್ತಿದ ಚೆರ್ರಿ ಮರದ ಮೇಲಿಂದ ಅದು ಎಂದೂ ಕಾಣುವುದಿಲ್ಲ. ಅವನ ಊರು ಅಷ್ಟು ಉತ್ತರಕ್ಕಿದೆ. ದುರ್ಬೀನು ಬೇಡ. ನೋಡಿದ್ದನ್ನು ವಹಿಯಲ್ಲಿ ಬರೆದುಕೊಂಡು, ತಾರೀಖು ಹಾಕಿ, ಜೂನಿನಲ್ಲಿ ಶಾಲೆ ತೆರೆದಾಗ ತನ್ನಿರಿ.