ಆಫ್‌ಸೆಟ್ ಪ್ಲೇಟು: ಬೆಲೆಯ ಲೆಕ್ಕ, ಬಾಳಿಕೆಯ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಮುದ್ರಣೋದ್ಯಮವು ಈ ಭಾಗದ ಕೃಷಿ ಹಾಗೂ ವ್ಯಾಪಾರದ ಆಶ್ರಯದಲ್ಲಿಯೇ ಬೆಳೆದುದು. ನಿಪ್ಪಾಣಿಯ ತಂಬಾಕು ಮತ್ತು ಬೀಡಿ ವಹಿವಾಟಿಗೆ ಲೇಬಲ್ಲು, ಸಕ್ಕರೆ ಕಾರ್ಖಾನೆಗಳಿಗೆ ವಾರ್ಷಿಕ ವರದಿ, ಸಹಕಾರ ಸಂಘಗಳಿಗೆ ಪಾಸ್‌ಬುಕ್ಕು, ಅಥಣಿಯ ಚಪ್ಪಲಿ ತಯಾರಕರಿಗೆ ಪೆಟ್ಟಿಗೆ, ಲಗ್ನಸರಾಯಿಯಲ್ಲಿ ಕನ್ನಡ ಮತ್ತು ಮರಾಠಿ ಆಮಂತ್ರಣ ಪತ್ರಿಕೆ: ಇಂಥ ಕೆಲಸಗಳೇ ಸಣ್ಣ ಮುದ್ರಣಾಲಯಗಳ ಜೀವಾಳ. ಕಾಗದದ ದರದಲ್ಲಿ ಪೈಸೆ ಪೈಸೆಗೂ ಚೌಕಾಸಿ ಮಾಡುವ ಮಾಲೀಕರು ಪ್ಲೇಟಿನ ವಿಷಯ ಬಂದಾಗ ಮಾತ್ರ ‘ಅಗ್ಗವಾದದ್ದು ಸಾಕು’ ಎಂದು ಸುಮ್ಮನಾಗುವುದುಂಟು. ಈ ರೂಢಿ ಮರುಚಿಂತನೆಗೆ ಅರ್ಹವಾಗಿದೆ.

1796ರ ಸುಮಾರಿಗೆ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಲ್ಲಿನ ಮೇಲೆ ಕಂಡುಕೊಂಡ ತತ್ವವೇ ಇಂದಿನ ಆಫ್‌ಸೆಟ್ ಮುದ್ರಣಕ್ಕೂ ಆಧಾರ. ಎಣ್ಣೆಯಂಶದ ಶಾಯಿ ಮತ್ತು ನೀರು ಒಂದರೊಡನೊಂದು ಬೆರೆಯವು. ಕಲ್ಲಿನ ಜಾಗಕ್ಕೆ ಈಗ ಅಲ್ಯೂಮಿನಿಯಂ ಹಾಳೆ ಬಂದಿದೆ. ಅದರ ಮೇಲ್ಮೈಯನ್ನು ಸೂಕ್ಷ್ಮವಾಗಿ ತರಿತರಿಯಾಗಿಸಿ, ಆನೊಡೈಸಿಂಗ್‌ನಿಂದ ಗಟ್ಟಿಗೊಳಿಸಿ, ಬೆಳಕಿಗೆ ಅಥವಾ ಶಾಖಕ್ಕೆ ಸ್ಪಂದಿಸುವ ಲೇಪ ಬಳಿಯಲಾಗುತ್ತದೆ. ಈ ತರಿ ಮತ್ತು ಲೇಪ ಸಮನಾಗಿದ್ದರೆ ಪ್ಲೇಟು ಬಾಳುತ್ತದೆ. ಹೊರನೋಟಕ್ಕೆ ಎಲ್ಲ ಪ್ಲೇಟುಗಳೂ ಒಂದೇ ಬಗೆಯಾಗಿ ಕಂಡರೂ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಬ್ಯಾಚುಗಳ ನಡುವೆಯೂ, ವ್ಯತ್ಯಾಸವಿರುವುದು ಇಲ್ಲಿಯೇ.

ಮಾರುಕಟ್ಟೆಯಲ್ಲಿ ಕೊಡಾಕ್, ಫ್ಯೂಜಿಫಿಲ್ಮ್, ದೇಶೀಯ ಕಂಪನಿಯಾದ ಟೆಕ್ನೋವಾ ಮೊದಲಾದ ಹೆಸರುಗಳಿವೆ. ಆಗ್ಫಾ ಕಂಪನಿಯ ಆಫ್‌ಸೆಟ್ ವಿಭಾಗವು 2023ರಲ್ಲಿ ಮಾರಾಟವಾಗಿ ‘ಇಕೋ3’ ಎಂಬ ಹೊಸ ಹೆಸರು ಪಡೆಯಿತು. ಚೀನಾದ ಪ್ಲೇಟುಗಳೂ ಕಡಿಮೆ ದರಕ್ಕೆ ಬಂದವು. ಚೀನಾ, ಜಪಾನ್ ಸೇರಿದಂತೆ ಕೆಲವು ದೇಶಗಳ ಡಿಜಿಟಲ್ ಪ್ಲೇಟುಗಳ ಮೇಲೆ ಭಾರತ ಸರ್ಕಾರವು 2020ರಲ್ಲಿ ಸುರಿತ ವಿರೋಧಿ ಸುಂಕ ವಿಧಿಸಿದ್ದು ಉದ್ಯಮಕ್ಕೆ ತಿಳಿದ ಸಂಗತಿ. ಆಮದಿನ ಅಗ್ಗದ ದರವೊಂದನ್ನೇ ನೆಚ್ಚಿಕೊಂಡವರಿಗೆ ಇದರಲ್ಲಿ ಪಾಠವಿದೆ. ಸರ್ಕಾರದ ಒಂದು ಅಧಿಸೂಚನೆಯಿಂದ ಆ ದರ ಬದಲಾಗಬಲ್ಲದು.

ಬ್ರಾಂಡಿಗಿಂತ ಮೊದಲು ನೋಡಬೇಕಾದುದು ಯಂತ್ರದ ಹೊಂದಾಣಿಕೆ. ಥರ್ಮಲ್ ಯಂತ್ರವು 830 ನ್ಯಾನೋಮೀಟರಿನ ಲೇಸರ್ ಕಿರಣ ಬಳಸಿದರೆ, ವಯಲೆಟ್ ಯಂತ್ರ ಬಳಸುವುದು 405 ನ್ಯಾನೋಮೀಟರಿನ ಕಿರಣ. ಒಂದರ ಪ್ಲೇಟು ಇನ್ನೊಂದಕ್ಕೆ ಸಲ್ಲದು. ಫಿಲ್ಮಿನಿಂದ ಮಾಡುವ ಪಿ.ಎಸ್. ಪ್ಲೇಟಿನ ದಾರಿಯೇ ಬೇರೆ. ಸ್ವಂತ ಸಿ.ಟಿ.ಪಿ. ಯಂತ್ರವಿಲ್ಲದ ಮುದ್ರಣಾಲಯವು ಕೊಲ್ಹಾಪುರ, ಮಿರಜ್ ಅಥವಾ ಬೆಳಗಾವಿಯಂಥ ಊರಿನಿಂದ ಸಿದ್ಧ ಪ್ಲೇಟು ತರಿಸುವಾಗ, ಬ್ರಾಂಡಿನ ಆಯ್ಕೆ ಮಾಲೀಕನ ಕೈತಪ್ಪಿ ಪ್ಲೇಟು ಮಾಡಿಕೊಡುವವನ ಕೈ ಸೇರುತ್ತದೆ. ಬಿಲ್ಲಿನಲ್ಲಿ ಬ್ರಾಂಡು ಮತ್ತು ಬ್ಯಾಚಿನ ಸಂಖ್ಯೆ ನಮೂದಿಸುವಂತೆ ಕೇಳುವುದು ಗಿರಾಕಿಯ ಹಕ್ಕು. ಆ ಹಕ್ಕನ್ನು ಚಲಾಯಿಸದವನಿಗೆ ಮುಂದೆ ದೂರಲು ಆಧಾರವೇ ಉಳಿಯುವುದಿಲ್ಲ.

ಅಗ್ಗದ ಲೆಕ್ಕವನ್ನೂ ಪೂರ್ತಿಯಾಗಿ ಮಾಡಬೇಕು. ಪ್ಲೇಟೊಂದಕ್ಕೆ 25 ರೂಪಾಯಿ ಉಳಿಯಿತೆಂದು ಭಾವಿಸಿದರೆ ನಾಲ್ಕು ಬಣ್ಣದ ಕೆಲಸಕ್ಕೆ 100 ರೂಪಾಯಿ ಉಳಿತಾಯ. ಒಂದೇ ಬಣ್ಣದ ಯಂತ್ರದಲ್ಲಿ ಮೂರು ಬಣ್ಣ ಮುಗಿದು, ನಾಲ್ಕನೆಯ ಪ್ಲೇಟು ನಡುವೆ ಸವೆದರೆ, ಆ ಹಾಳೆಗಳ ಮೇಲೆ ಕಾಗದ, ಶಾಯಿ, ಕೂಲಿ ಎಲ್ಲವೂ ಆಗಲೇ ಖರ್ಚಾಗಿರುತ್ತವೆ. ಹೊಸ ಪ್ಲೇಟು ಬಂದು ಕೂಡುವವರೆಗೆ ಯಂತ್ರ ನಿಲ್ಲಬೇಕು, ಬಣ್ಣ ಹೊಂದಿಸುವಾಗ ಮತ್ತಷ್ಟು ಹಾಳೆ ಕೆಡಬೇಕು. ಸವೆದ ಪ್ಲೇಟಿನಲ್ಲಿ ಮೊದಲು ಮಾಯವಾಗುವುದು ಸಣ್ಣ ಒತ್ತಕ್ಷರ ಹಾಗೂ ಮರಾಠಿಯ ಅನುಸ್ವಾರದ ಚುಕ್ಕೆ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಕೆಟ್ಟರೆ ಆ ಮನೆತನ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದು ಕಷ್ಟ.

ಹಾಗೆಂದು ದುಬಾರಿ ಹೆಸರೇ ಸರ್ವರೋಗಕ್ಕೆ ಮದ್ದಲ್ಲ. ಸಾವಿರ ಪ್ರತಿಗಳ ಕರಪತ್ರಕ್ಕೆ ಲಕ್ಷ ಪ್ರತಿ ಬಾಳುವ ಪ್ಲೇಟು ಅನವಶ್ಯಕ. ಪ್ಲೇಟಿನ ಮೇಲೆ ಹೊರಿಸುವ ದೋಷ ಅನೇಕ ವೇಳೆ ನೀರಿನದ್ದಾಗಿರುತ್ತದೆ. ಫೌಂಟನ್ ದ್ರಾವಣದ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ನಡುವೆ ಇರಬೇಕು. ಕೊಳವೆಬಾವಿಯ ಗಡಸು ನೀರನ್ನು ಹಾಗೆಯೇ ಬಳಸಿದರೆ ಉತ್ತಮ ಪ್ಲೇಟೂ ಬೇಗ ಮಾಸುತ್ತದೆ. ಹಳೆಯ ಡೆವಲಪರ್, ಗೋಂದು ಹಚ್ಚದೆ ಇಟ್ಟ ಪ್ಲೇಟು, ಅತಿಯಾದ ರೋಲರ್ ಒತ್ತಡ ಇವೂ ಅಪರಾಧಿಗಳೇ.

2017ರ ಜುಲೈ 1ರಿಂದ ಜಾರಿಯಾದ ಜಿ.ಎಸ್.ಟಿ.ಯಲ್ಲಿ ಒಟ್ಟು ತೆರಿಗೆಯ ದರ ಕೊಲ್ಹಾಪುರದಿಂದ ತಂದರೂ ಬೆಳಗಾವಿಯಿಂದ ತಂದರೂ ಒಂದೇ. ಆದರೆ ಕಾಂಪೊಸಿಷನ್ ಯೋಜನೆಯಲ್ಲಿರುವ ಮುದ್ರಣಾಲಯಕ್ಕೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ಅಂಥವರು ತೆರಿಗೆಸಹಿತ ದರವನ್ನೇ ಹೋಲಿಸಬೇಕು. ಬಳಸಿದ ಪ್ಲೇಟಿಗೆ ಸಿಗುವ ಗುಜರಿ ಬೆಲೆಯನ್ನೂ ಲೆಕ್ಕದಲ್ಲಿ ಕಳೆಯಬೇಕು.

ಪ್ಲೇಟು ಏರಿಸಿದ ದಿನಾಂಕ, ಬ್ಯಾಚು, ಮುದ್ರಿಸಿದ ಪ್ರತಿಗಳು, ಇಳಿಸಿದ ಕಾರಣ ಇಷ್ಟನ್ನು ಆರು ತಿಂಗಳು ವಹಿಯಲ್ಲಿ ಬರೆದಿಟ್ಟರೆ ಯಾವ ಬ್ರಾಂಡು ತಮಗೆ ಒಗ್ಗುತ್ತದೆ ಎಂಬುದು ಮಾಲೀಕರಿಗೆ ತಾನಾಗಿಯೇ ತಿಳಿಯುತ್ತದೆ. ಒಂದು ಮುಖ್ಯ ಬ್ರಾಂಡು, ಪೂರೈಕೆ ನಿಂತಾಗ ನೆರವಾಗಲು ಲಗ್ನಸರಾಯಿಗೆ ಮೊದಲೇ ಪರೀಕ್ಷಿಸಿಟ್ಟ ಇನ್ನೊಂದು, ಇದು ಜಾಣ ಕ್ರಮ. ಐದೂ ತಾಲೂಕುಗಳ ಮುದ್ರಕರು ತಮ್ಮ ವಹಿಗಳನ್ನು ಪರಸ್ಪರ ಹೋಲಿಸಿ, ಒಟ್ಟಾಗಿ ಖರೀದಿಗೆ ಮುಂದಾದರೆ ದರದಲ್ಲಿಯೂ ಗುಣಮಟ್ಟದಲ್ಲಿಯೂ ಪೂರೈಕೆದಾರರು ಅವರ ಮಾತಿಗೆ ಬೆಲೆ ಕೊಡಲೇಬೇಕಾಗುತ್ತದೆ. ಒಬ್ಬೊಬ್ಬರೇ ಹೋದರೆ ದರಪಟ್ಟಿ ಮಾತ್ರ ಕೈಗೆ ಬರುತ್ತದೆ.