ತೋಟಕ್ಕೆ ತಕ್ಕ ಹುಲ್ಲು ಕೊಚ್ಚುವ ಯಂತ್ರ

ಮುಂಗಾರಿನ ಮಳೆ ಎರಡು ಹದ ಬಿದ್ದಿತೆಂದರೆ ಅರಸೀಕೆರೆಯ ಸೀಮೆಯ ತೆಂಗಿನ ತೋಟಗಳಲ್ಲಿ ಗರಿಕೆ, ಜೇಕು, ಪಾರ್ಥೇನಿಯಂ ಇವು ಮೊಣಕಾಲುದ್ದ ಬೆಳೆದು ನಿಲ್ಲುತ್ತವೆ. ಅದೇ ಕಾಲದಲ್ಲಿ ರಾಗಿಯ ಹೊಲಕ್ಕೂ ಆಳುಗಳು ಬೇಕಾಗುವುದರಿಂದ ಕುಡುಗೋಲು ಹಿಡಿಯುವ ಕೈ ಸಿಕ್ಕುವುದು ದುರ್ಲಭವಾಗಿದೆ. ಆದಕಾರಣ ಜಮೀನುದಾರರು ಯಂತ್ರವನ್ನು ಬಯಸುವುದು ಸಹಜವೇ ಸರಿ. ಬಯಕೆಯಲ್ಲಿ ತಪ್ಪಿಲ್ಲ, ಆರಿಸುವ ಕ್ರಮದಲ್ಲಿ ತಪ್ಪಿದೆ. ಅಂಗಡಿಯಲ್ಲಿ ಎಂಜಿನ್ನಿನ ಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸುವವರು ತಮ್ಮ ನೆಲವನ್ನು ವಿಚಾರಿಸುವುದಿಲ್ಲ. ನೆರೆಯವನು ಕೊಂಡದ್ದನ್ನೇ ತಾನೂ ಕೊಂಡು, ಮರುವರ್ಷ ಅದನ್ನು ಕೊಟ್ಟಿಗೆಯ ಮೂಲೆಗೆ ಸೇರಿಸುವುದು ವಾಡಿಕೆಯಾಗುತ್ತಿದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಸುತ್ತಲಿನ ಹಸುರು ಹಾಸನ್ನು ನೋಡಿ ಬಂದವರು ತಮ್ಮ ತೋಟವೂ ಹಾಗೆಯೇ ನುಣ್ಣಗೆ ಇರಲೆಂದು ಆಶಿಸುವುದುಂಟು. ಅಂಥ ಸಮನಾದ, ಕಲ್ಲಿಲ್ಲದ, ವಾರವಾರವೂ ಕತ್ತರಿಸುವ ನೆಲಕ್ಕೆ ಗಾಲಿಯ ಮೇಲೆ ನೂಕುವ ಯಂತ್ರವೇ ಯೋಗ್ಯವಾದದ್ದು. ೧೮೩೦ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಉಣ್ಣೆಬಟ್ಟೆಯ ಜುಂಗನ್ನು ಸವರುವ ಗಿರಣಿಯಂತ್ರವನ್ನು ಕಂಡು ಇದನ್ನು ಕಲ್ಪಿಸಿದನು. ಸುತ್ತುವ ಅಲಗುಗಳು ಕೆಳಗಿನ ಸ್ಥಿರವಾದ ಅಲಗಿಗೆ ಸೇರಿ ಕತ್ತರಿಯಂತೆ ಹುಲ್ಲನ್ನು ಕತ್ತರಿಸುತ್ತವೆ. ಮೊಣಕಾಲುದ್ದದ ಹುಲ್ಲಾಗಲಿ, ತೆಂಗಿನ ಮಟ್ಟೆಯ ತುಂಡಾಗಲಿ ಸಿಕ್ಕಿದರೆ ಅದು ಅಲ್ಲಿಯೇ ನಿಂತುಬಿಡುವುದು. ಮನೆಯ ಮುಂದಿನ ಅಂಗಳಕ್ಕೆ ಅದನ್ನು ಕೊಳ್ಳಬಹುದು, ತೋಟಕ್ಕೆ ಕೂಡದು. ತೋಟವು ನುಣ್ಣಗೆ ಇರಬೇಕೆಂಬ ಆಶೆಯನ್ನೇ ಬಿಡುವುದು ಮೇಲು. ಮಳೆ ಕಡಮೆಯಾದ ಸೀಮೆಯಲ್ಲಿ ಬೋಳಾದ ನೆಲವು ಬಿಸಿಲಿಗೆ ಕಾದು ತೇವವನ್ನು ಕಳೆದುಕೊಳ್ಳುತ್ತದೆ. ನಾಲ್ಕು ಬೆರಳಷ್ಟು ಕೂಳೆಯನ್ನು ಉಳಿಸಿ ಕೊಚ್ಚಿ, ಕೊಚ್ಚಿದ್ದನ್ನು ಪಾತಿಗೆ ಹೊದಿಸಿದರೆ ಅದೇ ನೆಲಕ್ಕೆ ನೆರಳೂ ಗೊಬ್ಬರವೂ ಆಗುವುದು.

ಈಗ ಎಲ್ಲೆಡೆಯೂ ಕಾಣುವುದು ಹೆಗಲಿಗೆ ಹಾಕಿಕೊಂಡು ನಡೆಸುವ ಬ್ರಷ್ ಕಟ್ಟರ್ ಯಂತ್ರ. ಅದರ ತುದಿಯಲ್ಲಿ ನೈಲಾನ್ ದಾರವನ್ನಾಗಲಿ ಉಕ್ಕಿನ ಅಲಗನ್ನಾಗಲಿ ತೊಡಿಸಬಹುದು. ಎಳೆಯ ಹುಲ್ಲಿಗೆ ದಾರ, ಬಲಿತ ಕಾಂಡಕ್ಕೆ ಮೂರು ಹಲ್ಲಿನ ಅಲಗು, ಪೊದೆಗೆ ಗರಗಸದಂಥ ಹಲ್ಲುಚಕ್ರ ಎಂಬುದು ಸಾಮಾನ್ಯ ನಿಯಮ. ಇದು ನಿಜವಾಗಿಯೂ ಉಪಯುಕ್ತವಾದ ಸಾಧನ. ಆದರೆ ತೆಂಗಿನ ತೋಟದಲ್ಲಿ ಇದರಿಂದಾಗುವ ಒಂದು ಹಾನಿಯನ್ನು ಬಹಳ ಮಂದಿ ಗಮನಿಸಿಲ್ಲ. ಮಾವು, ಹಲಸು ಮೊದಲಾದ ಮರಗಳ ತೊಗಟೆಗೆ ಗಾಯವಾದರೆ ಕಾಲಕ್ರಮದಲ್ಲಿ ಹೊಸ ತೊಗಟೆ ಬೆಳೆದು ಅದು ಮುಚ್ಚಿಕೊಳ್ಳುತ್ತದೆ. ತೆಂಗು, ಅಡಿಕೆಗಳಿಗೆ ಹಾಗೆ ಬೆಳೆಯುವ ಪದರವೇ ಇಲ್ಲ. ಅವುಗಳ ಕಾಂಡಕ್ಕೆ ಆದ ಗಾಯ ಮರ ಬದುಕಿರುವವರೆಗೂ ಗಾಯವೇ. ಆ ಮೂಲಕ ಕಾಂಡ ಸೋರುವ ರೋಗದ ಶಿಲೀಂಧ್ರವು ಒಳಸೇರುತ್ತದೆ. ಕೆಂಪು ಮೂತಿ ಹುಳುವು ಗಾಯದ ವಾಸನೆಗೆ ಬಂದು ಮೊಟ್ಟೆಯಿಡುತ್ತದೆ. ಫಲಕ್ಕೆ ಬರಲು ಆರೇಳು ವರ್ಷ ಕಾಯಿಸಿ, ಅನಂತರ ಎರಡು ತಲೆಮಾರು ಕಾಯಿ ಕೊಡಬೇಕಾದ ನೆಟ್ಟ ಮರವನ್ನು, ಒಂದು ಘಳಿಗೆಯ ಕೆಲಸವನ್ನು ಉಳಿಸುವುದಕ್ಕೋಸ್ಕರ ಹೀಗೆ ಕಳೆದುಕೊಳ್ಳುವುದು ಲೆಕ್ಕ ಬಲ್ಲ ಒಕ್ಕಲುತನವಲ್ಲ. ಬುಡದ ಸುತ್ತ ಆರು ಅಡಿಯ ಪಾತಿಯೊಳಕ್ಕೆ ಯಾವ ಯಂತ್ರವೂ ಬರಕೂಡದು. ಅಲ್ಲಿ ಕುಡುಗೋಲೇ ಇರಲಿ. ಹನಿ ನೀರಾವರಿಯ ಕೊಳವೆಗಳು ಹರಿದಿರುವುದೂ ಆ ಪಾತಿಯಲ್ಲಿಯೇ. ಹುಲ್ಲಿನೊಳಗೆ ಅಡಗಿದ ಕೊಳವೆಯನ್ನು ದಾರವು ಕ್ಷಣದಲ್ಲಿ ತುಂಡರಿಸಿಬಿಡುತ್ತದೆ.

ಸಾಲಿನಿಂದ ಸಾಲಿಗೆ ೨೭ ಅಡಿಗೆ ಕಡಮೆಯಿಲ್ಲದೆ ನೆಟ್ಟ ಸಮತಟ್ಟಾದ ದೊಡ್ಡ ತೋಟವಿದ್ದು, ಮನೆಯಲ್ಲಿ ಸಣ್ಣ ಟ್ರ್ಯಾಕ್ಟರಿದ್ದರೆ, ಅದರ ಹಿಂದೆ ಕಟ್ಟುವ ಸ್ಲ್ಯಾಷರೇ ಲಾಭಕರ. ಪದೇಪದೇ ಉಳುವುದರಿಂದ ತೆಂಗಿನ ಬೇರು ಹರಿಯುವುದೂ ಇದರಿಂದ ತಪ್ಪುತ್ತದೆ. ಎರಡು ಮೂರು ಎಕರೆಯವರಿಗೆ ಬ್ರಷ್ ಕಟ್ಟರ್ ಸಾಕು.

ಬೇಲೂರಿನ ಪಶ್ಚಿಮದ ಕಾಫಿ ತೋಟಗಳ ಸಂಗತಿಯೇ ಬೇರೆ. ಇಳಿಜಾರಿನ ನೆಲ, ತೊಟ್ಟಿಲುಗುಂಡಿಗಳು, ನೆರಳುಮರದ ಬೇರುಗಳು. ಅಲ್ಲಿ ಗಾಲಿ ಉರುಳದು. ಎಂಜಿನ್ನನ್ನು ಬೆನ್ನಿಗೆ ಹೊತ್ತು, ಬಾಗುವ ಕೊಳವೆಯಿಂದ ಕೊಚ್ಚುವ ಬಗೆಯದೇ ಅಲ್ಲಿಗೆ ಹೊಂದುತ್ತದೆ. ಕಳೆಯನ್ನು ಬೇರುಸಹಿತ ಕಿತ್ತು ನೆಲವನ್ನು ಬರಿದು ಮಾಡಿದಲ್ಲಿ ಮಳೆನಾಡಿನ ಒಂದು ಜಡಿಮಳೆಯು ಮೇಲ್ಮಣ್ಣನ್ನು ಹಳ್ಳಕ್ಕೆ ಕೊಂಡೊಯ್ಯುವುದು. ಕೊಚ್ಚಿದ ಕಳೆ ಮಣ್ಣನ್ನು ಹಿಡಿದಿರುತ್ತದೆ.

ದನಗಳಿರುವ ಮನೆಯವರು ಇನ್ನೊಂದು ವಿಚಾರವನ್ನು ನೆನೆಯತಕ್ಕದ್ದು. ದಾರದಿಂದ ಹೊಡೆದ ಹುಲ್ಲು ಪುಡಿಯಾಗಿ, ಮಣ್ಣಿನೊಡನೆ ಬೆರೆತು, ತುಂಡಾದ ನೈಲಾನ್ ಚೂರುಗಳನ್ನೂ ಕೂಡಿಕೊಂಡಿರುತ್ತದೆ. ಅದನ್ನು ಮೇವಿಗೆ ಹಾಕಕೂಡದು. ಮೇವಿನ ಹುಲ್ಲನ್ನು ಕುಡುಗೋಲಿನಿಂದಲೋ ಉಕ್ಕಿನ ಅಲಗಿನಿಂದಲೋ ಕೊಯ್ಯಬೇಕು. ಪಾರ್ಥೇನಿಯಂ ಅಂತೂ ಹೂವಾಗುವುದಕ್ಕೆ ಮುಂಚೆ ಬೇರುಸಹಿತ ಕಿತ್ತಲ್ಲದೆ ಹೋಗದು; ಕೊಚ್ಚಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಕೊಳ್ಳುವವರು ಒಬ್ಬರು, ನಡೆಸುವವರು ಇನ್ನೊಬ್ಬರು ಎಂಬುದೇ ಈ ಯಂತ್ರದ ದೊಡ್ಡ ಕಷ್ಟ. ಜಮೀನುದಾರರು ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಆಳಿನ ಕಣ್ಣಿಗೆ ಕನ್ನಡಕವನ್ನೂ ಕಾಲಿಗೆ ಗಟ್ಟಿ ಬೂಟನ್ನೂ ಕೊಡಲು ಹಿಂಜರಿಯುತ್ತಾರೆ. ಅಲಗಿಗೆ ತಾಕಿದ ಕಲ್ಲು ಗುಂಡಿನಂತೆ ಹಾರುತ್ತದೆ. ಬರಿಗಾಲಿನಲ್ಲಿ, ಪಂಚೆಯನ್ನು ಎತ್ತಿ ಕಟ್ಟಿಕೊಂಡು ಇದನ್ನು ನಡೆಸಲು ಬಿಡುವುದು ಯಜಮಾನನ ಅಪರಾಧವೆಂದೇ ಎಣಿಸಬೇಕು. ಕೆಲಸ ನಡೆಯುವಾಗ ೫೦ ಅಡಿಯೊಳಗೆ ಮಕ್ಕಳೂ ದನಗಳೂ ಸುಳಿಯದಂತೆ ನೋಡಿಕೊಳ್ಳುವುದೂ ಆತನದೇ ಹೊಣೆ. ಎಂಜಿನ್ನಿನ ತೂಕವನ್ನು ಕೂಡ ಹೊರುವವನ ಹೆಗಲಿನಿಂದ ಅಳೆಯಬೇಕೇ ಹೊರತು ಕೊಳ್ಳುವವನ ಉತ್ಸಾಹದಿಂದಲ್ಲ. ಎರಡು ಸ್ಟ್ರೋಕಿನದಾದರೆ ಪೆಟ್ರೋಲಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆಯನ್ನು ಬೆರೆಸಬೇಕು. ಬರಿಯ ಪೆಟ್ರೋಲನ್ನು ಹಾಕಿದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಕೆಡುವುದು. ಈ ಲೆಕ್ಕವನ್ನು ನೆನಪಿಡಲಾರದ ಮನೆಯಲ್ಲಿ ನಾಲ್ಕು ಸ್ಟ್ರೋಕಿನದನ್ನು ಕೊಳ್ಳುವುದು ಒಳ್ಳೆಯದು.

ವರ್ಷಕ್ಕೆ ಎರಡು ಮೂರು ಸಲ ಮಾತ್ರ ಕೊಚ್ಚುವ ಸಣ್ಣ ಹಿಡುವಳಿದಾರರು ಸ್ವಂತ ಯಂತ್ರವನ್ನು ಇಡಬೇಕಾದ ಅಗತ್ಯವೇ ಇಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ವಿವರವನ್ನೂ, ಬಾಡಿಗೆಗೆ ಯಂತ್ರ ದೊರೆಯುವ ಕೇಂದ್ರದ ವಿವರವನ್ನೂ ಮೊದಲು ವಿಚಾರಿಸಬೇಕು. ಊರಿನ ಮುಖಂಡರು ನಾಲ್ಕಾರು ಮನೆಯವರನ್ನು ಕೂಡಿಸಿ ಒಂದು ಯಂತ್ರವನ್ನು ಕೊಳ್ಳಿಸಿ, ನಡೆಸುವುದನ್ನು ಬಲ್ಲ ಒಬ್ಬ ಯುವಕನಿಗೆ ಕೂಲಿಯ ಕರಾರಿನ ಮೇಲೆ ಒಪ್ಪಿಸಿದರೆ ಕಳೆಯೂ ಹೋಗುವುದು, ಅವನಿಗೂ ಗೈಮೆಯಾಗುವುದು. ಕೊಳ್ಳಲೇಬೇಕೆಂದಿರುವವರು ಹಣ ತೆರುವುದಕ್ಕೆ ಮುಂಚೆ ಯಂತ್ರವನ್ನು ತಮ್ಮ ತೋಟಕ್ಕೇ ತರಿಸಿ, ಹುಲ್ಲು ಒತ್ತಾಗಿರುವ ಕಡೆ ಒಂದು ಗಂಟೆ ನಡೆಸಿ ನೋಡತಕ್ಕದ್ದು. ಅಲಗು, ದಾರ, ಕ್ಲಚ್ಚು ಇವು ಅರಸೀಕೆರೆಯಲ್ಲಿಯೋ ಬೇಲೂರಿನಲ್ಲಿಯೋ ಮರುದಿನವೇ ಸಿಕ್ಕುವುವೇ ಎಂಬುದನ್ನು ಆಗಲೇ ಕೇಳಿ ತಿಳಿಯತಕ್ಕದ್ದು.