ತಿಂಡಿ ಮೇಜಿನಿಂದ ಗ್ಯಾಲರಿಗೆ

ಬೆಳಗಿನ ತಿಂಡಿಯ ಮೇಜು ಫ್ರೆಂಚ್ ಚಿತ್ರಕಲೆಗೆ ಹಳೆಯ ವಸ್ತು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಸ್ಪೇನ್‌ನ ಕಲಾವಿದ ಹ್ವಾನ್ ಗ್ರಿಸ್ 1914ರಲ್ಲಿ ಕಾಫಿ ಕಪ್ಪುಗಳ ಚಿತ್ರಕ್ಕೆ ವೃತ್ತಪತ್ರಿಕೆಯ ತುಂಡನ್ನೇ ಅಂಟಿಸಿ ‘ಬೆಳಗಿನ ತಿಂಡಿ’ ರಚಿಸಿದ. ಕಾಫಿಯ ಜೊತೆ ಪೇಪರೂ ಬೇಕೆನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ನಮ್ಮಲ್ಲಿ, ದಿಲ್ಲಿಯ ಆಸುಪಾಸಿನಲ್ಲಿ ಅಡುಗೆಮನೆಯನ್ನು ಕಲೆಗೆ ತಂದವರಲ್ಲಿ ಮುಖ್ಯರು ಗುರುಗ್ರಾಮದ ಸುಬೋಧ್ ಗುಪ್ತ. 1964ರಲ್ಲಿ ಬಿಹಾರದ ಖಗೌಲ್‌ನಲ್ಲಿ ಹುಟ್ಟಿದ ಇವರಿಗೆ ಒದಗಿದ್ದು ಪಿಂಗಾಣಿಯಲ್ಲ, ಸ್ಟೀಲು: ತಟ್ಟೆ, ಲೋಟ, ಬಕೆಟ್ಟು, ಟಿಫಿನ್ ಕ್ಯಾರಿಯರ್. ಯಾವ ಪಾತ್ರೆ ಅಂಗಡಿಯಲ್ಲೂ ಸಿಗುವ ಈ ಸಾಮಾನುಗಳ ಥಳಥಳಿಕೆಯಲ್ಲಿ ಮಧ್ಯಮವರ್ಗದ ಹೊಟ್ಟೆ, ಹೆಮ್ಮೆ ಎರಡೂ ಕಾಣುತ್ತವೆ. ಸೋಜಿಗವೆಂದರೆ, ಇವುಗಳಿಗೆ ದೊಡ್ಡ ವೇದಿಕೆ ಕೊಟ್ಟಿದ್ದೂ ಪ್ಯಾರಿಸ್ಸೇ. ಪಾತ್ರೆಗಳನ್ನು ಜೋಡಿಸಿ ಕಟ್ಟಿದ ದೈತ್ಯ ತಲೆಬುರುಡೆ ‘ವೆರಿ ಹಂಗ್ರಿ ಗಾಡ್’ 2006ರಲ್ಲಿ, ಇರುಳಿಡೀ ನಡೆಯುವ ‘ನ್ಯುಯಿ ಬ್ಲಾಂಶ್’ ಕಲೋತ್ಸವದಲ್ಲಿ, ಅಲ್ಲಿನ ಚರ್ಚೊಂದರಲ್ಲಿ ಪ್ರದರ್ಶನಗೊಂಡಿತು. 2018ರಲ್ಲಿ ಪ್ಯಾರಿಸ್‌ನ ಹಳೆಯ ಟಂಕಸಾಲೆ ‘ಮೊನೆ ದ ಪಾರಿ’ ಇವರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅಣುಬಾಂಬಿನ ಅಣಬೆ ಮೋಡದಂತೆ ಪಾತ್ರೆಗಳು ಮೇಲೆದ್ದಿರುವ ‘ಲೈನ್ ಆಫ್ ಕಂಟ್ರೋಲ್’ (2008) ಮಾತ್ರ ದಿಲ್ಲಿಯ ಕಿರಣ್ ನಾಡಾರ್ ಕಲಾ ಸಂಗ್ರಹಾಲಯದ ಸ್ವತ್ತು.